ಸ್ಕ್ರೂ ಬಿಚ್ಚಲು ಬರಬೇಕು: ಲಿನಕ್ಸಿಗೆ ಹಳೆಯ ಲ್ಯಾಪ್‌ಟಾಪ್ ಆರಿಸುವ ನನ್ನ ಕ್ರಮ

ನನ್ನ ತಂಗಿಯ ಮಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಎರಡನೇ ವರ್ಷ. ಲ್ಯಾಪ್‌ಟಾಪ್ ಬೇಕು ಅಂತ ಒಂದು ಪಟ್ಟಿ ಕಳಿಸಿದ. ಪಟ್ಟಿಯಲ್ಲಿದ್ದವೆಲ್ಲ ಹಪ್ಪಳದಷ್ಟು ತೆಳ್ಳಗಿನವು. ನಾನು ತೋರಿಸಿದ್ದು ಥಿಂಕ್‌ಪ್ಯಾಡ್ ಟಿ480. ಕಪ್ಪು ಬಣ್ಣ, ಚೌಕ ಮೂಲೆ, ಇಟ್ಟಿಗೆಯಂಥ ಮೈಕಟ್ಟು.

“ದೊಡ್ಡಮ್ಮ, ಇದು 2018ರ ಮಾಡೆಲ್. ಆಗ ನಾನು ಏಳನೇ ಕ್ಲಾಸು.”

“ಹೌದು ಮಾರಾಯ. ನೀನೂ ಹಳಬನೇ, ಅದೂ ಹಳೆಯದೇ. ಹೊಂದಿಕೊಳ್ಳುತ್ತೀರಿ.”

ನಾನು ಬೆಂಗಳೂರಿನಲ್ಲಿ 19 ವರ್ಷ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡಿದವಳು. ಈಗ ಸಾಗರದ ಮನೆಯಲ್ಲಿ ಕೂತು ಅದೇ ಕೆಲಸ ಮಾಡುತ್ತೇನೆ. ನೆಂಟರಿಗೆ, ಗೆಳತಿಯರಿಗೆ, ಅವರ ಮಕ್ಕಳಿಗೆ ಅಂತ ಇದುವರೆಗೆ 11 ಹಳೆಯ ಲ್ಯಾಪ್‌ಟಾಪ್ ಆರಿಸಿ, ವಿಂಡೋಸ್ ಬದಲಿಗೆ ಓಡುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಹಾಕಿ ಕೊಟ್ಟಿದ್ದೇನೆ. ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಆ ಎರಡೂ ಕತೆ ಮುಂದೆ ಬರುತ್ತವೆ.

ಲಿನಕ್ಸ್ ಬಳಸುವವರ ಆಯ್ಕೆ ಹೊರಗಿನವರಿಗೆ ವಿಚಿತ್ರ ಅನಿಸುತ್ತದೆ. ದಪ್ಪ ಇದ್ದರೂ ಆಗಬಹುದು, ಹಳೆಯದಾದರೂ ಆಗಬಹುದು, ಹೊಳೆಯುವ ಪರದೆ ಬೇಡ, ಕೀಬೋರ್ಡ್ ಮಾತ್ರ ಚೆನ್ನಾಗಿರಬೇಕು ಅನ್ನುತ್ತೇವೆ. ಹಿಂದೊಮ್ಮೆ ಪೇಚಾಡಿದ್ದರಿಂದಲೇ ಹುಟ್ಟಿದ ಹಟ ಇದು. ವೈಫೈ ಹತ್ತದೆ ಇಡೀ ರಾತ್ರಿ ಕೂತವರು ಮುಂದಿನ ಸಲ ಅಂಗಡಿಯಲ್ಲಿ ಮೊದಲು ಕೇಳುವುದೇ ವೈಫೈ ಚಿಪ್ ಯಾರದ್ದು ಅಂತ.

ನನ್ನ ಲೆಕ್ಕ ಸರಳ. ಆಮೇಲೆ ಬದಲಾಯಿಸಲು ಆಗದ ಭಾಗ ಯಾವುದು ಅಂತ ಮೊದಲು ನೋಡುವುದು. ಬದಲಾಯಿಸಲು ಬರುವ ಭಾಗ ಕೆಟ್ಟಿದ್ದರೆ ಚೌಕಾಸಿಗೇ ಅನುಕೂಲ. ಜನ ಮಾಡುವುದು ತದ್ವಿರುದ್ಧ. ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ಡಿಸ್ಕ್) ಎಷ್ಟು ಜಿಬಿ, ಬ್ಯಾಟರಿ ಎಷ್ಟು ಗಂಟೆ ಅಂತ ಕೇಳುತ್ತಾರೆ. ಎರಡನ್ನೂ ಮನೆಯಲ್ಲೇ ಬದಲಾಯಿಸಬಹುದು. ಕೆಲಸದ ಹೊತ್ತಿನ ನೆನಪು ಇರುವ, ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮನ್ನು ಯಾರು ಬದಲಾಯಿಸುತ್ತಾರೆ?

ಮೊದಲ ಕತೆ: ರಾತ್ರಿ ಬಸ್ಸಿನಲ್ಲಿ ಕಾದ ಚೀಲ

2021ರಲ್ಲಿ ನಾನೂ ಒಂದು ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ಕೊಂಡೆ. ಕಂಪನಿ ಹೆಸರು ಬೇಡ. ಎತ್ತಿದರೆ ಹೂವಿನ ಹಾಗೆ. ಆದರೆ 8 ಜಿಬಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆ. ಆಗ ಸಾಕು ಅನಿಸಿತ್ತು. ಎರಡು ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಓಡಿಸಿ, ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತಿತ್ತು. ಹೆಚ್ಚಿಸುವ ದಾರಿಯೇ ಇಲ್ಲ.

ಅದನ್ನು ಮುಚ್ಚಿ, ಚೀಲದಲ್ಲಿ ಹಾಕಿ, ಸಾಗರದ ರಾತ್ರಿ ಬಸ್ ಹತ್ತಿದೆ. ಅರಸೀಕೆರೆ ದಾಟುವಾಗ ಕಾಲಿಗೆ ಬಿಸಿ ತಾಗಿ ಎಚ್ಚರವಾಯಿತು. ಬಸ್ಸಿನ ಎಂಜಿನ್ ಕಾವು ಅಂದುಕೊಂಡು ಕಾಲು ಮಡಚಿ ಮಲಗಿದೆ. ಬೆಳಗ್ಗೆ ಮನೆಯಲ್ಲಿ ತೆರೆದರೆ ಬ್ಯಾಟರಿ ಸೊನ್ನೆ. ಇಡೀ ರಾತ್ರಿ ಅದು ಮಲಗಿಯೇ ಇರಲಿಲ್ಲ.

ಕಾರಣ ಇಷ್ಟು. ಹಳೆಯ ಪದ್ಧತಿಯಲ್ಲಿ ಮುಚ್ಚಳ ಹಾಕಿದರೆ ರ‍್ಯಾಮಿಗೆ ಒಂದಿಷ್ಟು ಕರೆಂಟ್ ಹೋಗುತ್ತದೆ, ಉಳಿದದ್ದು ಬಹುಪಾಲು ಬಂದ್. ಇದಕ್ಕೆ ಎಸ್3 ಅನ್ನುತ್ತಾರೆ. ಹೊಸ ಪದ್ಧತಿಯ ಹೆಸರು ಮಾಡರ್ನ್ ಸ್ಟ್ಯಾಂಡ್‌ಬೈ. ಫೋನಿನ ಹಾಗೆ ಅರೆನಿದ್ದೆ. ಇದರಲ್ಲಿ ಒಂದೊಂದು ಚಿಪ್ಪೂ ತಾನಾಗಿ ಮಲಗಬೇಕು. ಮದುವೆಮನೆಯ ಹಾಲ್‌ನಲ್ಲಿ ಒಂದು ಮಗು ಎದ್ದು ಅತ್ತರೆ ಸಾಲಾಗಿ ಮಲಗಿದವರೆಲ್ಲ ಏಳುತ್ತಾರಲ್ವಾ, ಹಾಗೆ. ಒಂದು ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ಪ್ರೋಗ್ರಾಂ, ಸರಿಯಿಲ್ಲದಿದ್ದರೂ ಇಡೀ ಯಂತ್ರಕ್ಕೆ ನಿದ್ದೆ ಇಲ್ಲ.

ಇದು ನನ್ನೊಬ್ಬಳ ಗೋಳಲ್ಲ. 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಆರನೇ ತಲೆಮಾರು ಮೊದಲು ಎಸ್3 ಇಲ್ಲದೆಯೇ ಬಂತು. ಲಿನಕ್ಸ್ ಬಳಕೆದಾರರು ಗಲಾಟೆ ಮಾಡಿದರು. ಆಮೇಲೆ ಥಿಂಕ್‌ಪ್ಯಾಡ್ ಮಾಡುವ ಲೆನೊವೊ ಕಂಪನಿ ಬಯಾಸ್ (ಆನ್ ಮಾಡಿದ ಕೂಡಲೇ ಓಡುವ ಒಳಗಿನ ಪ್ರೋಗ್ರಾಂ) ಅಪ್‌ಡೇಟ್‌ನಲ್ಲಿ ನಿದ್ದೆಯ ಆಯ್ಕೆಗೆ ‘ಲಿನಕ್ಸ್’ ಅಂತಲೇ ಒಂದು ಸಾಲು ಸೇರಿಸಿತು.

ನೀವು ಪರೀಕ್ಷಿಸುವುದು ಹೀಗೆ. ಲಿನಕ್ಸ್ ಬೂಟ್ ಆದ ಮೇಲೆ ಫೈಲುಗಳ ಬೇರಿನಲ್ಲಿರುವ ‘ಸಿಸ್’ ಫೋಲ್ಡರಿಗೆ ಹೋಗಿ. ಅದರೊಳಗೆ ‘ಪವರ್’, ಅದರೊಳಗೆ ‘ಮೆಮ್ ಸ್ಲೀಪ್’ ಅನ್ನುವ ಫೈಲ್ (/sys/power/mem_sleep). ತೆರೆದರೆ ಒಂದೇ ಸಾಲು. ‘ಡೀಪ್’ (deep) ಅನ್ನುವ ಪದ ಇದ್ದು, ಅದರ ಸುತ್ತ ಚೌಕ ಆವರಣ ಇದ್ದರೆ ಎಸ್3 ಇದೆ. ಆ ಪದವೇ ಇಲ್ಲದಿದ್ದರೆ ಅರೆನಿದ್ದೆಯ ಯಂತ್ರ. ಅವೂ ಈಗೀಗ ಸುಧಾರಿಸಿವೆ. ಆದರೂ ಕೊಳ್ಳುವ ಮುಂಚೆ ಒಂದು ಸಲ ಮುಚ್ಚಿಟ್ಟು, ಹತ್ತು ನಿಮಿಷ ಬಿಟ್ಟು, ತಳ ಮುಟ್ಟಿ ನೋಡಿ.

ಯಾವ ಮಾಡೆಲ್?

ಥಿಂಕ್‌ಪ್ಯಾಡ್ ಶುರುವಾದದ್ದು 1992ರಲ್ಲಿ, ಐಬಿಎಂ ಕೈಯಲ್ಲಿ. 2005ರಲ್ಲಿ ಐಬಿಎಂನ ಪಿಸಿ ವಿಭಾಗವನ್ನು ಲೆನೊವೊ ಕೊಂಡಿತು. ಬಣ್ಣ, ಆಕಾರ, ಕೀಬೋರ್ಡಿನ ನಡುವಿನ ಕೆಂಪು ಗುಂಡಿ ಹಾಗೇ ಉಳಿದವು. ಆ ಗುಂಡಿಗೆ ಟ್ರ್ಯಾಕ್‌ಪಾಯಿಂಟ್ ಅಂತ ಹೆಸರು. ನನ್ನ ಅಮ್ಮ ಅದನ್ನು ‘ಕುಂಕುಮ’ ಅನ್ನುತ್ತಾಳೆ. “ನಿನ್ನ ಕುಂಕುಮದ ಕಂಪ್ಯೂಟರ್ ಕೂಗ್ತಾ ಇದೆ ನೋಡು” ಅಂದರೆ ಆಫೀಸಿನಿಂದ ಕರೆ ಬಂದಿದೆ ಅಂತ ಅರ್ಥ.

ಟಿ480 ನನಗೆ ಇಷ್ಟವಾಗಲು ಕಾರಣ ಒಳಗಿನ ಜಾಗ. ರ‍್ಯಾಮಿಗೆ ಎರಡು ಸ್ಲಾಟ್, ಎರಡೂ ತೆರೆದವು. ಡಿಡಿಆರ್4 ಸ್ಟಿಕ್ ತಂದು ನೀವೇ ಹಾಕಬಹುದು. ವೈಫೈ ಕಾರ್ಡ್ ಬಿಚ್ಚಬಹುದು. ಎಸ್‌ಎಸ್‌ಡಿ ಬಿಚ್ಚಬಹುದು. ಇಂಟೆಲ್ ಎಂಟನೇ ತಲೆಮಾರಿನ ನಾಲ್ಕು ಕೋರಿನ, ಅಂದರೆ ಲೆಕ್ಕ ಮಾಡುವ ನಾಲ್ಕು ಘಟಕದ, ಪ್ರೊಸೆಸರ್. ಇದರ ಹಿಂದಿನ ಟಿ470ರಲ್ಲಿ ಎರಡೇ ಕೋರು. ಆದರೆ ಎಚ್ಚರ: ಟಿ480ರಲ್ಲೂ ಏಳನೇ ತಲೆಮಾರಿನ ಎರಡು ಕೋರಿನ ಮಾಲು ಇದೆ. ಹೊರಗಿನ ಸ್ಟಿಕ್ಕರ್ ನಂಬಬೇಡಿ. ಬೂಟ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್ ಹೆಸರು ಓದಿ. ಐ5 ಆದರೆ 82 ಅಥವಾ 83ರಿಂದ ಶುರುವಾಗುವ ನಂಬರ್ ಇರಬೇಕು. ಐ7 ಆದರೆ 85 ಇಲ್ಲವೇ 86.

ಹೆಸರಿನ ಕೊನೆಯಲ್ಲಿ ‘ಎಸ್’ ಇದ್ದರೆ ಅದು ಬೇರೆಯೇ ಯಂತ್ರ. ಟಿ480ಎಸ್ ತೆಳ್ಳಗಿದೆ. ಆದರೆ ರ‍್ಯಾಮ್ ಅರ್ಧ ಬೆಸುಗೆ, ಅರ್ಧ ಸ್ಲಾಟ್. 2019ರ ಟಿ490ರಲ್ಲೂ ಹಾಗೇ. ಎಕ್ಸ್1 ಕಾರ್ಬನ್‌ನಲ್ಲಿ ಪೂರ್ತಿ ಬೆಸುಗೆ. ನೋಡಲು ಎಲ್ಲವೂ ಅಕ್ಕತಂಗಿಯರ ಹಾಗಿದ್ದರೂ ಗುಣ ಬೇರೆ.

ಥಿಂಕ್‌ಪ್ಯಾಡೇ ಆಗಬೇಕು ಅಂತಿಲ್ಲ. ಡೆಲ್ ಲ್ಯಾಟಿಟ್ಯೂಡ್ 5490, 7490, ಎಚ್‌ಪಿ ಎಲೀಟ್‌ಬುಕ್ 840 ಜಿ5, ಇವುಗಳಲ್ಲೂ ರ‍್ಯಾಮಿಗೆ ಎರಡು ಸ್ಲಾಟ್ ಇವೆ. ಕಂಪನಿಗಳಿಗಾಗಿ ಮಾಡಿದ ಲ್ಯಾಪ್‌ಟಾಪ್ ಆಗಿರಬೇಕು ಅನ್ನುವುದು ಮುಖ್ಯ. ನೂರಾರು ಯಂತ್ರಗಳನ್ನು ಆಫೀಸಿನಲ್ಲೇ ರಿಪೇರಿ ಮಾಡುವ ಜನರಿಗಾಗಿ ಅವನ್ನು ಮಾಡಿರುತ್ತಾರೆ. ಅದರ ಲಾಭ ನಮಗೂ ಸಿಗುತ್ತದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. ಏಳನೇ ತಲೆಮಾರಿನ ಹೆಚ್ಚಿನ ಪ್ರೊಸೆಸರ್‌ಗಳಿಗೆ ವಿಂಡೋಸ್ 11ರ ಪಟ್ಟಿಯಲ್ಲಿ ಜಾಗ ಇಲ್ಲ. ಅಂಥವನ್ನು ಕಂಪನಿಗಳು ಹೊರಗೆ ಹಾಕುತ್ತಿವೆ. ಮನೆಯಲ್ಲಿ ಮಗುವಿನ ಹೋಮ್‌ವರ್ಕ್, ಯೂಟ್ಯೂಬ್, ಪತ್ರ ಟೈಪಿಂಗ್ ಅಷ್ಟೇ ಅಂದರೆ ಟಿ470 ಕೂಡ ಸಾಕು. ಲಿನಕ್ಸ್ ಅದರಲ್ಲಿ ಇನ್ನೂ ಆರಾಮಾಗಿ ಓಡುತ್ತದೆ. ಕೋಡ್ ಬರೆಯುವವರು ಟಿ480ಕ್ಕೇ ಹೋಗಿ.

ಪರದೆ ಮತ್ತು ಒತ್ತಕ್ಷರ

ಟಿ480 ಮೂರು ಬಗೆಯ ಪರದೆಯಲ್ಲಿ ಬಂದಿದೆ. ಅಗ್ಗದ್ದು 1366x768 ಪಿಕ್ಸೆಲ್. ಮಧ್ಯದ್ದು 1920x1080. ದುಬಾರಿಯದು 2560x1440. ಅಗ್ಗದ್ದನ್ನು ಬಿಡಿ. ಇಂಗ್ಲಿಷ್ ಓದುವವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಆದರೆ ಕನ್ನಡದಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಅಂತ ಚಿಕ್ಕ ಅಕ್ಷರದಲ್ಲಿ ಇದ್ದರೆ ಒತ್ತುಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡು ಇರುವೆ ಸಾಲಿನ ಹಾಗೆ ಕಾಣುತ್ತವೆ. ಕನ್ನಡ ಓದುವವರಿಗೆ ಪಿಕ್ಸೆಲ್ ಜಾಸ್ತಿಯೇ ಬೇಕು. ಜೊತೆಗೆ ಅಗ್ಗದ ಪರದೆ ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ.

1920x1080 ನನ್ನ ಆಯ್ಕೆ. 14 ಇಂಚಿನಲ್ಲಿ ಅಕ್ಷರ ಸ್ವಲ್ಪ ಚಿಕ್ಕದು ಅನಿಸಿದರೆ ಇಡೀ ಪರದೆಯನ್ನು 125 ಶೇಕಡಾ ಹಿಗ್ಗಿಸಬೇಡಿ. ಕೆಲವು ಹಳೆಯ ಪ್ರೋಗ್ರಾಂಗಳು ಮಸುಕಾಗುತ್ತವೆ. ಗ್ನೋಮ್‌ನಲ್ಲಿ (ಲಿನಕ್ಸಿನ ಒಂದು ಡೆಸ್ಕ್‌ಟಾಪ್) ‘ಟ್ವೀಕ್ಸ್’ ಅನ್ನುವ ಪ್ರೋಗ್ರಾಂ ಹಾಕಿಕೊಂಡು ಅಕ್ಷರದ ಅಳತೆ ಮಾತ್ರ 1.2 ಮಾಡಿ. ನನ್ನ ಕಣ್ಣಿಗೆ, ಅಂದರೆ ಕನ್ನಡಕ ಬಂದ ಕಣ್ಣಿಗೆ, ಅದು ಸರಿ ಹೊಂದುತ್ತದೆ.

ಹೊಳೆಯುವ ಪರದೆ ಬೇಡ ಅನ್ನುವುದೂ ನಮ್ಮವರ ಹಟ. ಆಜ್ಞೆ ಟೈಪ್ ಮಾಡುವ ಕಪ್ಪು ಟರ್ಮಿನಲ್ ತೆರೆದರೆ ಹೊಳೆಯುವ ಪರದೆಯಲ್ಲಿ ಕಾಣುವುದು ನಮ್ಮದೇ ಮುಖ, ಹಿಂದಿನ ಕಿಟಕಿ. ಕೆಲಸದ ಹೊತ್ತಿನಲ್ಲಿ ಎರಡೂ ಬೇಡ.

ಇನ್ನು ಎತ್ತರ. ಅಗಲ, ಎತ್ತರದ ಅನುಪಾತ 16:9 ಇರುವ ಪರದೆ ಸಿನಿಮಾಗೆ ಚಂದ, ಪುಟ ಓದಲು ಗಿಡ್ಡ. ಇದೇ ಸಾಲಿನ ಹೊಸ ಮಾಡೆಲ್ ಟಿ14ರ ಮೂರನೇ ತಲೆಮಾರಿನಲ್ಲಿ, 2022ರಲ್ಲಿ, 16:10 ಬಂತು. ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಡಲು ಆದರೆ ಅದು ಸುಖವೇ. ಆದರೆ ಅಲ್ಲಿ ರ‍್ಯಾಮ್ ಅರ್ಧ ಬೆಸುಗೆ. ನಾನಂತೂ ಪರದೆಗಾಗಿ ಸ್ಲಾಟ್ ಬಿಡುವವಳಲ್ಲ.

ಕೀಬೋರ್ಡ್: ಇಲ್ಲಿ ಜಗಳ ಜಾಸ್ತಿ

ಹಳೆಯ ಥಿಂಕ್‌ಪ್ಯಾಡ್ ಅಭಿಮಾನಿಗಳ ಹತ್ತಿರ ಕೂತರೆ ಏಳು ಸಾಲಿನ ಕೀಬೋರ್ಡ್ ವಿಷಯ ಬಂದೇ ಬರುತ್ತದೆ. 2011ರ ಎಕ್ಸ್220, ಟಿ420 ತನಕ ಅದು ಇತ್ತು. 2012ರಲ್ಲಿ ಎಕ್ಸ್230, ಟಿ430 ಬಂದಾಗ ಒಂದು ಸಾಲು ಹೋಯಿತು, ಕೀಗಳ ಆಕಾರವೂ ಬದಲಾಯಿತು. ಒಪ್ಪದವರು ಏನು ಮಾಡಿದರು ಗೊತ್ತಾ? ಎಕ್ಸ್220ರ ಕೀಬೋರ್ಡ್ ಕಿತ್ತು ಎಕ್ಸ್230ಕ್ಕೆ ಕೂರಿಸಿದರು. ಅದು ಕೆಲಸ ಮಾಡಲಿ ಅಂತ ಒಳಗಿನ ಚಿಪ್ಪಿನಲ್ಲೇ ಕೂತ ಪ್ರೋಗ್ರಾಂ ಆದ ಫರ್ಮ್‌ವೇರನ್ನೇ ತಿದ್ದಿದರು. 2017ರಲ್ಲಿ ಲೆನೊವೊ 25 ವರ್ಷದ ನೆನಪಿಗೆ ಅಂತ ಏಳು ಸಾಲಿನ ಒಂದು ವಿಶೇಷ ಮಾಡೆಲನ್ನೇ ತಂದಿತು.

ಕೆಂಪು ಗುಂಡಿಯ ಕೆಳಗಿನ ಮೂರು ಬಟನ್‌ಗಳದ್ದೂ ಇದೇ ಕತೆ. ಟಿ440ರಲ್ಲಿ ಅವನ್ನು ಕಿತ್ತು ಇಡೀ ಟಚ್‌ಪ್ಯಾಡೇ ಒತ್ತುವ ಹಾಗೆ ಮಾಡಿದರು. ಬಳಸುವವರು ಬೈದರು. 2015ರ ಟಿ450ರಲ್ಲಿ ಬಟನ್ ವಾಪಸ್ ಬಂತು. ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಅಂತ ಟಿ440 ತರಬೇಡಿ. ನಡುವಿನ ಬಟನ್ ಒತ್ತಿಹಿಡಿದು ಗುಂಡಿ ತಳ್ಳಿದರೆ ಪುಟ ಜಾರುತ್ತದೆ. ಅಭ್ಯಾಸ ಆದರೆ ಕೈ ಅಕ್ಷರಗಳ ಮೇಲಿಂದ ಏಳುವುದೇ ಇಲ್ಲ. ಅಭ್ಯಾಸಕ್ಕೆ ನನಗೆ ಎರಡು ವಾರ ಬೇಕಾಯಿತು. ನನ್ನ ಗೆಳತಿಯೊಬ್ಬಳು ಆರು ವರ್ಷದಿಂದ ಅದನ್ನು ಮುಟ್ಟಿಯೇ ಇಲ್ಲ, ಆರಾಮಾಗಿದ್ದಾಳೆ.

ಕನ್ನಡ ಟೈಪ್ ಮಾಡುವವರಿಗೆ ಒಂದು ಮಾತು. ಲಿನಕ್ಸ್‌ನಲ್ಲಿ ಕೆ.ಪಿ. ರಾವ್ ಅವರ ಕಗಪ ವಿನ್ಯಾಸ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇರುತ್ತದೆ. ‘ನುಡಿ’ ತಂತ್ರಾಂಶ ಬಳಸಿದವರಿಗೆ ಬೆರಳು ತಾನಾಗಿ ಓಡುತ್ತದೆ. ಅದರಲ್ಲಿ ಒತ್ತಕ್ಷರಕ್ಕೆ ಪ್ರತಿ ಸಲ ಎಫ್ ಕೀ ಒತ್ತಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲು ಸವೆದು ಹೊಳೆದದ್ದು ಅದೇ. ಹಳೆಯ ಯಂತ್ರ ನೋಡುವಾಗ ಎಫ್ ಕೀಯನ್ನು ನಾಲ್ಕು ಸಲ ಜಾಸ್ತಿ ಒತ್ತಿ ನೋಡಿ.

ಎಡ ಮೂಲೆಯಲ್ಲಿ ಕಂಟ್ರೋಲ್ ಇರಬೇಕಾದ ಕಡೆ ಎಫ್ಎನ್ ಕೀ ಇದೆ ಅಂತ ಗಾಬರಿ ಬೀಳಬೇಡಿ. ಬಯಾಸ್‌ನಲ್ಲಿ ಎರಡನ್ನೂ ಅದಲುಬದಲು ಮಾಡುವ ಆಯ್ಕೆ ಇದೆ. ಹೊರದೇಶದಿಂದ ಬಂದ ಮಾಲಿನಲ್ಲಿ ಕೆಲವೊಮ್ಮೆ ಬೇರೆ ಭಾಷೆಯ ಕೀಬೋರ್ಡಿನ ಮೇಲೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ಎಂಟರ್ ಕೀ ಎರಡು ಸಾಲಿನಷ್ಟು ಎತ್ತರ ಇದ್ದರೆ ಅನುಮಾನ ಪಡಿ. ಟಿ480ರ ಕೀಬೋರ್ಡನ್ನು ಮೇಲಿಂದಲೇ ಎತ್ತಿ ಬದಲಾಯಿಸಬಹುದು, ಹಾಗಾಗಿ ಬೆಲೆ ಇಳಿಸಿ ಕೇಳಿ.

ಅಂಗಡಿಯಲ್ಲಿ ಇಪ್ಪತ್ತು ನಿಮಿಷ

ನಾನು ಹೋಗುವುದು ಕಂಪ್ಯೂಟರ್ ಅಂಗಡಿಗಳ ಸಾಲು ಇರುವ ಬೆಂಗಳೂರಿನ ಎಸ್‌ಪಿ ರೋಡಿಗೆ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯುತ್ತೇನೆ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ಶನಿವಾರ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ವಾರದ ಮಧ್ಯೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಅಂಗಡಿಯವರಿಗೂ ಪುರುಸೊತ್ತು. ಚೀಲದಲ್ಲಿ ಮೂರು ವಸ್ತು ಇರಲಿ: ಲಿನಕ್ಸ್ ಹಾಕಿದ ಪೆನ್‌ಡ್ರೈವ್, ಟೈಪ್ ಸಿ ಚಾರ್ಜರ್, ಇಯರ್‌ಫೋನ್.

ಮೊದಲು ಎಫ್1 ಒತ್ತುತ್ತಾ ಆನ್ ಮಾಡಿ. ಬಯಾಸ್ ತೆರೆಯುತ್ತದೆ. ಪಾಸ್‌ವರ್ಡ್ ಕೇಳಿದರೆ ಅಲ್ಲೇ ನಿಲ್ಲಿಸಿ. ಇದು ನನ್ನ ಎರಡನೇ ಕತೆ.

ಒಂದು ಅಂಗಡಿಯಲ್ಲಿ ಬಯಾಸ್ ನೋಡದೆ ಕೊಂಡುಬಿಟ್ಟೆ. ಮಳೆ ಬರುವ ಹಾಗಿತ್ತು, ಅವಸರ. ಮನೆಗೆ ಬಂದು ಪೆನ್‌ಡ್ರೈವಿನಿಂದ ಬೂಟ್ ಮಾಡಲು ಹೋದರೆ ಆಗುತ್ತಿಲ್ಲ. ಬಯಾಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿದ್ದರು. ವಾಪಸ್ ಹೋಗಿ ಕೇಳಿದೆ.

“ಮೇಡಂ, ವಿಂಡೋಸ್ ಓಡ್ತಿದೆಯಲ್ಲ? ಅದಕ್ಕೆ ಯಾಕೆ ಕೈ ಹಾಕ್ತೀರಿ?”

“ಅಣ್ಣ, ನನಗೆ ವಿಂಡೋಸ್ ಬೇಡ ಅಂತ ಮೊದಲೇ ಹೇಳಿದ್ದೆ.”

“ಸೆಲ್ ತೆಗೆದು ಹಾಕಿದ್ರೆ ಹೋಗುತ್ತೆ ಬಿಡಿ.”

ಹೋಗುವುದಿಲ್ಲ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಹಾಗೆ ಹೋಗುತ್ತಿತ್ತು. ಥಿಂಕ್‌ಪ್ಯಾಡಿನಲ್ಲಿ ಆ ಪಾಸ್‌ವರ್ಡ್ ಬೇರೆ ಚಿಪ್ಪಿನಲ್ಲಿ ಇರುತ್ತದೆ, ಬೋರ್ಡಿನ ಸಣ್ಣ ಸೆಲ್ ತೆಗೆದರೂ ಅಲುಗುವುದಿಲ್ಲ. ಮರೆತರೆ ಮದರ್‌ಬೋರ್ಡ್ ಬದಲಾಯಿಸಬೇಕು ಅಂತ ಕಂಪನಿಯ ಕೈಪಿಡಿಯೇ ಹೇಳುತ್ತದೆ. ಎರಡು ಸಲ ಅಲೆದ ಮೇಲೆ ಅರ್ಧ ದುಡ್ಡು ಕೊಟ್ಟರು. ಆ ಲ್ಯಾಪ್‌ಟಾಪ್ ಈಗ ಬಿಡಿಭಾಗದ ಡಬ್ಬಿಯಾಗಿದೆ. ಅದರ ಕೀಬೋರ್ಡ್ ಇಬ್ಬರ ಮನೆ ಸೇರಿತು.

ಬಯಾಸ್ ಒಳಗಿದ್ದಾಗಲೇ ‘ಸೆಕ್ಯುರಿಟಿ’ಗೆ ಹೋಗಿ. ಕಳ್ಳತನ ಪತ್ತೆಯ ‘ಕಂಪ್ಯೂಟ್ರೇಸ್’ ಅನ್ನುವ ಸಾಲು ಇರುತ್ತದೆ. ಅದು ‘ಪರ್ಮನೆಂಟ್ಲಿ ಡಿಸೇಬಲ್ಡ್’ ಅಂತಿದ್ದರೆ ತುಂಬಾ ಒಳ್ಳೆಯದು. ‘ಡಿಸೇಬಲ್ಡ್’ ಆದರೂ ಸರಿ. ‘ಎನೇಬಲ್ಡ್’ ಇದ್ದರೆ ಬೇರೆ ಯಂತ್ರ ಕೇಳಿ.

ಆಮೇಲೆ ಆಫ್ ಮಾಡಿ, ಎಫ್12 ಒತ್ತುತ್ತಾ ಆನ್ ಮಾಡಿ, ಪೆನ್‌ಡ್ರೈವ್ ಆರಿಸಿ. ಲಿನಕ್ಸಿನ ಬಗೆಗಳಾದ ಉಬುಂಟು, ಫೆಡೋರಾ, ಯಾವುದಾದರೂ ಸರಿ. ಡೆಬಿಯನ್ ಆದರೆ 2023ರ 12ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಲಿ. ವೈಫೈಗೆ ಬೇಕಾದ ಫರ್ಮ್‌ವೇರ್ ಅಲ್ಲಿಂದ ಮುಂದೆ ಜೊತೆಗೇ ಬರುತ್ತದೆ. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ಒಂದು ಹಾಡು ಹಾಕಿ. ವೈಫೈ, ಸ್ಪೀಕರ್, ಎರಡೂ ಒಟ್ಟಿಗೆ ಪರೀಕ್ಷೆ ಆಯಿತು. ಹಾಡು ನಡೆಯುತ್ತಿರುವಾಗಲೇ ಕ್ಯಾಮೆರಾ, ಮೈಕ್, ಹೆಡ್‌ಫೋನ್ ತೂತು ನೋಡಿ. ನೋಟ್ ಬರೆಯುವ ಪ್ರೋಗ್ರಾಂ ತೆರೆದು ಎಲ್ಲ ಕೀ ಒಂದೊಂದಾಗಿ ಒತ್ತಿ. ಬೆರಳಚ್ಚು ಓದುವ ಚೌಕ ಕೆಲಸ ಮಾಡದಿದ್ದರೆ ಅಂಗಡಿಯವರ ತಪ್ಪಲ್ಲ. ಟಿ480ರಲ್ಲಿ ಅದು ಲಿನಕ್ಸಿಗೆ ನೇರವಾಗಿ ಒಗ್ಗುವುದಿಲ್ಲ. ನಾನು ಆ ಚೌಕವನ್ನು ಮರೆತೇಬಿಟ್ಟಿದ್ದೇನೆ.

ಪ್ರೊಸೆಸರ್ ಜೊತೆ ಗ್ರಾಫಿಕ್ಸ್ ಹೆಸರನ್ನೂ ನೋಡಿ. ಇಂಟೆಲ್ ಒಂದೇ ಇರಲಿ. ಕೆಲವು ಟಿ480ರಲ್ಲಿ ಎನ್‌ವಿಡಿಯಾ ಎಂಎಕ್ಸ್150 ಅನ್ನುವ ಎರಡನೇ ಗ್ರಾಫಿಕ್ಸ್ ಚಿಪ್ ಕೂಡ ಇದೆ. ಆಟಕ್ಕೆ ಅದು ಸಾಲದು, ಬ್ಯಾಟರಿ ತಿನ್ನುತ್ತದೆ, ಡ್ರೈವರ್ ಗೋಳು ಬೇರೆ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಎನ್‌ವಿಡಿಯಾಗೆ ಕ್ಯಾಮೆರಾ ಎದುರೇ ನಡುಬೆರಳು ತೋರಿಸಿದ್ದು ನೆನಪಿರಬಹುದು. ಈಗ ಪರಿಸ್ಥಿತಿ ಎಷ್ಟೋ ವಾಸಿ. ಆದರೂ ಬೇಕಿಲ್ಲದ ಚಿಪ್ಪಿಗೆ ದುಡ್ಡು ಯಾಕೆ?

ಟೈಪ್ ಸಿ ಕಿಂಡಿಗಳನ್ನು ಬಿಡಲೇಬೇಡಿ. ಟಿ480ರಲ್ಲಿ ಎರಡಿವೆ. ಎರಡರಲ್ಲೂ ಚಾರ್ಜರ್ ಚುಚ್ಚಿ, ಸ್ವಲ್ಪ ಅಲುಗಾಡಿಸಿ ನೋಡಿ. ಅವು ಮದರ್‌ಬೋರ್ಡಿನ ಮೇಲೇ ಇವೆ, ಸಡಿಲವಾದರೆ ದೊಡ್ಡ ಕೆಲಸ. ಇದರ ಥಂಡರ್‌ಬೋಲ್ಟ್ ಚಿಪ್ಪಿನ ಹಳೆಯ ಫರ್ಮ್‌ವೇರಿನಲ್ಲಿ ಒಂದು ದೋಷ ಇತ್ತು. ದಿನ ಹೋದಂತೆ ಟೈಪ್ ಸಿ ಕೆಲಸ ನಿಲ್ಲಿಸುತ್ತಿತ್ತು. ಲೆನೊವೊ ಅದಕ್ಕೆ ಸರಿಪಡಿಸಿದ ಫರ್ಮ್‌ವೇರ್ ಕೊಟ್ಟಿದೆ. ಮನೆಗೆ ತಂದ ದಿನವೇ ಬಯಾಸ್ ಜೊತೆ ಅದನ್ನೂ ಅಪ್‌ಡೇಟ್ ಮಾಡಿ.

ಬ್ಯಾಟರಿಗೆ ಟರ್ಮಿನಲ್ ತೆರೆದು ‘ಯುಪವರ್’ ಅಂತ ಹೊಡೆದು, ಜಾಗ ಬಿಟ್ಟು, ಎರಡು ಅಡ್ಡಗೆರೆ, ‘ಡಂಪ್’ ಅಂತ ಹೊಡೆಯಿರಿ (upower --dump). ಉದ್ದದ ಪಟ್ಟಿ ಬರುತ್ತದೆ. ‘ಎನರ್ಜಿ ಫುಲ್’ ಮತ್ತು ‘ಎನರ್ಜಿ ಫುಲ್ ಡಿಸೈನ್’ ಸಾಲು ಹುಡುಕಿ. ಮೊದಲಿನದು ಈಗಿನ ಶಕ್ತಿ, ಎರಡನೆಯದು ಹೊಸದರಲ್ಲಿದ್ದ ಶಕ್ತಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಎಸ್‌ಎಸ್‌ಡಿ ನಾನು ನೋಡುವುದೇ ಇಲ್ಲ. ಬೇರೆಯವರ ಡೇಟಾ ಇದ್ದ ಡಿಸ್ಕ್ ನನಗೆ ಬೇಡ. “ಡಿಸ್ಕ್ ನೀವೇ ಇಟ್ಟುಕೊಳ್ಳಿ, ಅದರ ಟ್ರೇ ಮಾತ್ರ ಕೊಡಿ” ಅನ್ನುತ್ತೇನೆ. ಟ್ರೇ ಮರೆತರೆ ಅದಕ್ಕಾಗಿ ಮತ್ತೆ ಅಲೆಯಬೇಕು.

ನನ್ನ ತಂಗಿಯ ಮಗನದಕ್ಕೆ 16 ಜಿಬಿ ರ‍್ಯಾಮ್ ಸೇರಿ 17,500 ಕೊಟ್ಟೆ. ಹೊಸ ಎಸ್‌ಎಸ್‌ಡಿ ಬೇರೆ.

ಬ್ಯಾಟರಿ ಎರಡು, ಕರೆಂಟ್ ಇಲ್ಲ

ಟಿ480ರ ಒಳಗೊಂದು 24 ವಾಟ್-ಅವರ್ ಬ್ಯಾಟರಿ. ಹಿಂದೆ ಇನ್ನೊಂದು, ಕೈಯಲ್ಲೇ ಕಳಚುವಂಥದ್ದು. ಅದು 24, 48, 72ರ ಅಳತೆಯಲ್ಲಿ ಸಿಗುತ್ತದೆ. ದೊಡ್ಡದು ಹಾಕಿದರೆ ಹಿಂಭಾಗ ಸ್ವಲ್ಪ ಎತ್ತರವಾಗುತ್ತದೆ. ಟೈಪ್ ಮಾಡಲು ನನಗೆ ಅದೇ ಹಿತ. ಹೊರಗಿನದು ಮೊದಲು ಖಾಲಿಯಾಗುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡದೆಯೇ ಅದನ್ನು ತೆಗೆದು ಇನ್ನೊಂದು ಹಾಕಬಹುದು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದವರಿಗೆ ಇದು ಆಟ ಅನಿಸಬಹುದು. ಜುಲೈನಲ್ಲಿ ಸಾಗರಕ್ಕೆ ಬನ್ನಿ. ತಂತಿಯ ಮೇಲೆ ಮರ ಬಿದ್ದರೆ ಮಧ್ಯಾಹ್ನ ಹೋದ ಕರೆಂಟ್ ಮರುದಿನ ಬರುತ್ತದೆ. ಇನ್ವರ್ಟರ್ ಇದ್ದರೂ ಅದರಲ್ಲಿ ಫ್ಯಾನು, ಲೈಟು, ವೈಫೈ ರೂಟರ್ ಮೊದಲು. ನನ್ನ ಹತ್ತಿರ 72ರ ಎರಡು ಬ್ಯಾಟರಿ ಇವೆ. ಒಂದು ಮುಗಿದರೆ ಇನ್ನೊಂದು. ಸರ್ವರ್ ಕೆಟ್ಟು ನಿಂತಾಗ ಕರೆಂಟ್ ಇಲ್ಲ ಅಂತ ಹೇಳುವ ಹಾಗಿಲ್ಲವಲ್ಲ.

ಒಂದೇ ಎಚ್ಚರ: ತೀರಾ ಅಗ್ಗದ ಬ್ಯಾಟರಿ ತರಬೇಡಿ. ಉಬ್ಬಿದರೆ ಟಚ್‌ಪ್ಯಾಡ್ ಎದ್ದು ಬರುತ್ತದೆ. ಸದಾ ಚಾರ್ಜರಿಗೇ ಚುಚ್ಚಿಡುವವರು ಟಿಎಲ್‌ಪಿ ಅನ್ನುವ ಪ್ರೋಗ್ರಾಂ ಹಾಕಿಕೊಳ್ಳಿ. 75ಕ್ಕೆ ಇಳಿದರೆ ಮಾತ್ರ ಚಾರ್ಜ್ ಶುರು, 80ಕ್ಕೆ ನಿಲ್ಲು ಅಂತ ಅದಕ್ಕೆ ಹೇಳಬಹುದು. ಮಳೆಗಾಲಕ್ಕೆ ಮುಂಚೆ ನಾನು ಅದನ್ನು ತೆಗೆದು ನೂರಕ್ಕೆ ಬಿಡುತ್ತೇನೆ.

ಬಿಚ್ಚುವುದು

ಬಯಾಸ್‌ನಲ್ಲಿ ‘ಕಾನ್ಫಿಗ್’, ಅದರೊಳಗೆ ‘ಪವರ್’, ಅಲ್ಲಿ ಒಳಗಿನ ಬ್ಯಾಟರಿಯನ್ನು ಬಂದ್ ಮಾಡುವ ಆಯ್ಕೆ ಇದೆ. ಚಾರ್ಜರ್ ಕಿತ್ತು ಅದನ್ನು ಒತ್ತಿ. ಯಂತ್ರ ತಾನಾಗಿ ಆಫ್ ಆಗುತ್ತದೆ. ಹೊರಗಿನ ಬ್ಯಾಟರಿ ಕಳಚಿ. ಈ ಹೆಜ್ಜೆ ಬಿಟ್ಟು ಸ್ಕ್ರೂಡ್ರೈವರ್ ಮುಟ್ಟಬೇಡಿ. ತಳದ ಸ್ಕ್ರೂಗಳು ಸಡಿಲವಾದರೂ ಕವರ್‌ನಲ್ಲೇ ಉಳಿಯುತ್ತವೆ, ಕಳೆದುಹೋಗುವುದಿಲ್ಲ. ಆಮೇಲೆ ಅಂಚಿನ ಸಂದಿಯಲ್ಲಿ ಹಳೆಯ ಸಿಮ್ ಕಾರ್ಡಿನಂಥ ಪ್ಲಾಸ್ಟಿಕ್ ತೂರಿಸಿ ಎಬ್ಬಿಸಿ. ಚಟ್ ಚಟ್ ಅಂತ ಸದ್ದು ಬರುತ್ತದೆ. ಮುರಿಯಿತು ಅಂದುಕೊಳ್ಳಬೇಡಿ.

ಒಳಗಿನ ಸಣ್ಣ ಸ್ಕ್ರೂಗಳನ್ನು ಇಡಲು ನಾನು ಇಡ್ಲಿ ತಟ್ಟೆ ಬಳಸುತ್ತೇನೆ. ಒಂದು ಗುಳಿಗೆ ಎಸ್‌ಎಸ್‌ಡಿಯದ್ದು, ಒಂದಕ್ಕೆ ವೈಫೈ ಕಾರ್ಡಿನದು. ಅಮ್ಮ ಆ ತಟ್ಟೆಯನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ವೈಫೈ ಕಾರ್ಡ್ ಬದಲಾಯಿಸುವುದಾದರೆ ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210 ತನ್ನಿ. ಕೊನೆಯಲ್ಲಿ ಒಂದು ಸೇರಿದ 201, 211 ತರಬೇಡಿ. ನೋಡಲು ಒಂದೇ ಥರ, ಆದರೆ ಈ ಬೋರ್ಡಿನಲ್ಲಿ ಓಡುವುದಿಲ್ಲ. ಎಕ್ಸ್230ರ ಕಾಲದ ಯಂತ್ರಗಳಲ್ಲಿ ಬಯಾಸ್ ತನ್ನ ಪಟ್ಟಿಯಲ್ಲಿ ಇಲ್ಲದ ಕಾರ್ಡನ್ನು ಒಪ್ಪುತ್ತಲೇ ಇರಲಿಲ್ಲ. ಟಿ480ರಲ್ಲಿ ಆ ಕಿರಿಕಿರಿ ಇಲ್ಲ.

ಹೊಸದೇ ಬೇಕು ಅನ್ನುವವರಿಗೆ

ಟಿ14 ಐದನೇ ತಲೆಮಾರಿನಲ್ಲಿ, 2024ರಲ್ಲಿ, ಲೆನೊವೊ ಮತ್ತೆ ಎರಡು ರ‍್ಯಾಮ್ ಸ್ಲಾಟ್ ಕೊಟ್ಟಿತು. ರಿಪೇರಿಗೆ ಅನುಕೂಲ ಅಂತ ರಿಪೇರಿ ಕಲಿಸುವ ಜಾಲತಾಣ ಐಫಿಕ್ಸಿಟ್ ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದೆ. ಸ್ಯಾನ್ ಫ್ರಾನ್ಸಿಸ್ಕೊದ ಫ್ರೇಮ್‌ವರ್ಕ್ 2021ರಿಂದ ಕಿಂಡಿಗಳನ್ನೂ ನಾವೇ ಕಳಚಿ ಜೋಡಿಸುವ ಲ್ಯಾಪ್‌ಟಾಪ್ ಮಾಡುತ್ತಿದೆ. ಅಮೆರಿಕದಲ್ಲಿರುವ ನೆಂಟರಿಗೆ ನಾನು ಅದನ್ನೇ ಹೇಳುತ್ತೇನೆ. ಜರ್ಮನಿಯಲ್ಲಿರುವವರಿಗೆ ಆಗ್ಸ್‌ಬರ್ಗ್‌ನ ಟುಕ್ಸೀಡೊ ಇದೆ, ಲಿನಕ್ಸ್ ಹಾಕಿಯೇ ಕೊಡುತ್ತಾರೆ. ತೀರಾ ಹೊಸ ತೆಳ್ಳನೆಯ ಮಾಡೆಲ್ ಕೊಳ್ಳುವವರು ಕ್ಯಾಮೆರಾ ಬಗ್ಗೆ ವಿಚಾರಿಸಿ. ಇಂಟೆಲ್ 12ನೇ ತಲೆಮಾರಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಹೊಸ ಬಗೆಯ ಕ್ಯಾಮೆರಾ ಬಂದು ಲಿನಕ್ಸಿಗೆ ಕಣ್ಣೇ ಕಾಣದ ಹಾಗಾಗಿತ್ತು.

ಎಲ್ಲರಿಗೂ ನನ್ನ ರುಚಿಯೇ ಇರಬೇಕು ಅಂತಿಲ್ಲ. 2022ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ 5.19 ಅನ್ನು ಟೊರ್ವಾಲ್ಡ್ಸ್ ಬಿಡುಗಡೆ ಮಾಡಿದ್ದು ಅಸಾಹಿ ಅನ್ನುವ ಲಿನಕ್ಸ್ ಹಾಕಿದ ಆ್ಯಪಲ್ ಮ್ಯಾಕ್‌ಬುಕ್ ಏರ್‌ನಿಂದ. ಅದರಲ್ಲಿ ರ‍್ಯಾಮ್ ಬದಲಾಯಿಸುವ ಮಾತೇ ಇಲ್ಲ. ಲಿನಕ್ಸ್ ಹುಟ್ಟಿಸಿದವರೇ ನನ್ನ ನಿಯಮ ಮುರಿದರೆ ಏನು ಮಾಡಲಿ!

ಕಳೆದ ವಾರ ತಂಗಿಯ ಮಗ ಮೊದಲ ಸಲ ತಾನೇ ಬಿಚ್ಚಿ ರ‍್ಯಾಮ್ ಹೆಚ್ಚಿಸಿಕೊಂಡ. ರಾತ್ರಿ ಹನ್ನೊಂದಕ್ಕೆ ಒಂದು ಫೋಟೊ ಬಂತು. ಹಾಸ್ಟೆಲಿನ ಸ್ಟೀಲ್ ತಟ್ಟೆ, ಅದರ ಮಧ್ಯೆ ಒಂದು ಪುಟ್ಟ ಸ್ಕ್ರೂ.

“ದೊಡ್ಡಮ್ಮ, ಎಲ್ಲ ಸರಿ ಓಡ್ತಿದೆ. ಇದೊಂದು ಉಳಿದಿದೆ.”

“ಅದು ಎಸ್‌ಎಸ್‌ಡಿಯ ಟ್ರೇದು. ಬ್ಯಾಟರಿ ಬಂದ್ ಮಾಡಿ ಮತ್ತೆ ಬಿಚ್ಚು.”